ಕಾಣದ ಮಗುವಿಗೆ ಮೈದುನ ಬರೆದ ಕಾಗದ

ನನ್ನ ಮೈದುನ ವೀರ್ಯದಾನದ ಮಾತು ತೆಗೆದಾಗ ನನ್ನ ಬಾಯಲ್ಲಿ ಮೂರು ಗುಂಡುಸೂಜಿಗಳಿದ್ದವು. ನುಂಗದೆ ಉಳಿದದ್ದು ನನ್ನ ಪುಣ್ಯ. ಬಟ್ಟೆ ಬಿಗಿಯಾದರೆ ಸಡಿಲಿಸಿ, ಉದ್ದವಾದರೆ ಗಿಡ್ಡ ಮಾಡಿಕೊಡುವ ಅಂಗಡಿ ನನ್ನದು. ಯಾರದೋ ಪ್ಯಾಂಟಿನ ಅಂಚು ಮಡಚುತ್ತ ಕೂತಿದ್ದೆ. ಇವನು ಬಂದು ಎದುರಿನ ಸ್ಟೂಲಿನ ಮೇಲೆ ಕೂತು, ನಾಳೆ ಬಿಸಿಲು ಜಾಸ್ತಿಯಂತೆ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟ.

“ಅತ್ತಿಗೆ, ಆ ಕ್ಲಿನಿಕ್‌ನಲ್ಲಿ ವೀರ್ಯ ಕೊಡೋರು ಬೇಕಂತೆ. ನಾನು ಕೊಡೋಣ ಅಂತಿದೀನಿ.”

ಸೂಜಿ ಉಗುಳಿ ಡಬ್ಬಿಗೆ ಹಾಕಿದೆ. “ಮೆಲ್ಲಗೆ ಮಾತಾಡೋ! ಅಂಗಡಿ ಇದು. ಹೆಂಡ್ತಿ ಇದಾಳೆ, ಎರಡು ಗಂಡುಮಕ್ಕಳಿದಾವೆ, ಊರ ಉಸಾಬರಿ ಯಾಕೆ ನಿನಗೆ?”

“ಅವಳನ್ನ ಕೇಳಿದೀನಿ. ‘ಅಕ್ಕ ಹೂಂ ಅಂದ್ರೆ ನಂದೂ ಹೂಂ’ ಅಂದ್ಲು. ಅವಳ ಸಹೀನೂ ಬೇಕಂತೆ ಅಲ್ಲಿ.” ಆಮೇಲೆ ದನಿ ತಗ್ಗಿಸಿದ. “ಯಾಕೆ ಅಂತ ನೀವು ಕೇಳ್ತೀರಲ್ಲ ಅತ್ತಿಗೆ. ಚೂಟಿ ಮುಖ ನೋಡಿ, ಆಮೇಲೆ ಕೇಳಿ.”

ನನ್ನ ಬಾಯಿ ಮುಚ್ಚಿಸಿದವರು ಕಡಿಮೆ, ಆವತ್ತು ಅವನು ಮುಚ್ಚಿಸಿದ.

ಚೂಟಿ ನಮ್ಮ ಮಗಳು, ಹನ್ನೊಂದು ವರ್ಷದವಳು. ಮದುವೆಯಾಗಿ ಆರು ವರ್ಷ ನಮಗೆ ಮಕ್ಕಳಿರಲಿಲ್ಲ. ನನ್ನನ್ನು ತಿರುಗಿಸಿ ಮುರುಗಿಸಿ ಎಲ್ಲ ಪರೀಕ್ಷೆ ಮಾಡಿದ ಮೇಲೆ, ಕೊನೆಗೊಮ್ಮೆ ನಮ್ಮ ಯಜಮಾನರನ್ನೂ ಪರೀಕ್ಷಿಸಿದರು. ಅವರ ವರದಿಯಲ್ಲಿ ಎಣಿಕೆಯ ಜಾಗದಲ್ಲಿ ಸೊನ್ನೆ ಇತ್ತು. ಅವರು ಔಷಧಿ ಅಂಗಡಿ ನಡೆಸುವವರು. ಊರಿಗೆಲ್ಲ ಮದ್ದು ಕೊಡುವ ಮನುಷ್ಯ ಆ ಒಂದು ಸೊನ್ನೆಯನ್ನು ನೋಡುತ್ತ ಇಡೀ ಮಧ್ಯಾಹ್ನ ಕೂತಿದ್ದರು. ಆಗ ಇದೇ ಮೈದುನ, ಇಪ್ಪತ್ತನಾಲ್ಕರ ಹುಡುಗ, “ಅಣ್ಣಾ, ನಾನಿದೀನಲ್ಲ, ಬೇಕಾದ್ರೆ ನಂದೇ...” ಎಂದ. ಅವರು ಕೈಮುಗಿದು ಬೇಡವೆಂದರು. ದಿನ ಬೆಳಗಾದರೆ ಎದುರಾಗುವ ಮುಖದಲ್ಲಿ ಮಗುವಿನ ಹೋಲಿಕೆ ಹುಡುಕುವ ಶಕ್ತಿ ಅವರಿಗಿರಲಿಲ್ಲ. ಗುರುತು ಪರಿಚಯವಿಲ್ಲದ ಯಾರೋ ಒಬ್ಬ ಪುಣ್ಯಾತ್ಮ ಅದೇ ಕ್ಲಿನಿಕ್‌ನಲ್ಲಿ ಕೊಟ್ಟಿದ್ದರಿಂದ ಚೂಟಿ ಬಂದಳು. ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ, ಮೈದುನನಿಗೆ, ಆಮೇಲೆ ಬಂದ ನನ್ನ ಓರಗಿತ್ತಿಗೆ. ಚೂಟಿಗೆ ಗೊತ್ತಿರಲಿಲ್ಲ.

ಹೇಳೋಣ ಎಂದು ನಾನು ವರ್ಷಕ್ಕೊಮ್ಮೆಯಾದರೂ ಅನ್ನುತ್ತಿದ್ದೆ. “ಇನ್ನೂ ಸಣ್ಣವಳು” ಎಂದು ಅವರು ತಳ್ಳುತ್ತಿದ್ದರು. ಅವರ ಭಯ ನನಗೆ ಗೊತ್ತಿತ್ತು. ಹೇಳಿದ ದಿನ ಮಗಳು ತನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ, ಅಪ್ಪಾ ಎಂದು ಕರೆಯುವ ಮುಂಚೆ ಒಂದು ಕ್ಷಣ ತಡೆಯುತ್ತಾಳೆ ಅನ್ನುವುದು. ಆ ಒಂದು ಕ್ಷಣಕ್ಕೆ ಹೆದರಿ ಹನ್ನೊಂದು ವರ್ಷ ಕಳೆದಿದ್ದರು.

ಮೈದುನನ ಬಗ್ಗೆ ಹೇಳಬೇಕು. ಅವನು ಲಿಫ್ಟ್ ಮೆಕ್ಯಾನಿಕ್. ಚೂಟಿ ಅವನನ್ನು ‘ಪಾನಾ ಚಿಕ್ಕಪ್ಪ’ ಅನ್ನುತ್ತಾಳೆ, ನಟ್ಟು ತಿರುಗಿಸುವ ಒಂದು ಪಾನಾ ಸದಾ ಅವನ ಹಿಂದಿನ ಜೇಬಿನಿಂದ ತಲೆ ಹಾಕಿರುತ್ತದೆ. ಹದಿನೇಳು ವರ್ಷದಿಂದ ಊರಿನ ಮೂವತ್ತೆಂಟು ಲಿಫ್ಟುಗಳು ಅವನ ಕೈಯಲ್ಲಿವೆ. ಪ್ರತಿ ಲಿಫ್ಟಿನ ಮೇಲೂ ಒಂದು ಯಂತ್ರದ ಕೋಣೆ, ಅಲ್ಲಿ ದಾರಕ್ಕೆ ಕಟ್ಟಿದ ಒಂದು ಪುಸ್ತಕ. ಹೋದವನು ತಾರೀಖು ಹಾಕಿ, ಏನು ನೋಡಿದೆ, ಏನು ದೋಷ ಕಂಡಿತು, ಏನು ಮಾಡಿದೆ, ಮುಂದೆ ಬರುವವನು ಏನು ಗಮನಿಸಬೇಕು ಎಂದು ಬರೆದೇ ಕೆಳಗಿಳಿಯಬೇಕು. ಈ ಚಟ ಮನೆಗೂ ಬಂದಿದೆ. ಅವರ ಅಡುಗೆಮನೆಯ ನಲ್ಲಿಯ ಕೆಳಗೆ ಒಂದು ಚೀಟಿ ಅಂಟಿದೆ, ವಾಷರ್ ಬದಲಿಸಿದ ತಾರೀಖುಗಳೆಲ್ಲ ಅದರಲ್ಲಿವೆ. “ನಮ್ಮ ಮದುವೆ ದಿನ ಮರೀತಾರೆ ಅಕ್ಕಾ, ನಲ್ಲಿ ತೊಟ್ಟಿಕ್ಕಿದ ದಿನ ಮರೆಯಲ್ಲ” ಎನ್ನುತ್ತಾಳೆ ಓರಗಿತ್ತಿ.

ಆ ಕ್ಲಿನಿಕ್ ಇರುವ ಕಟ್ಟಡದ ಲಿಫ್ಟೂ ಅವನದೇ. ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನಿಂದ ಒಮ್ಮೆ ಗಂಡಹೆಂಡಿರಿಬ್ಬರನ್ನು ಎಳೆದು ಹೊರತೆಗೆದನಂತೆ. ಹೊರಗೆ ಬಂದ ಹೆಂಗಸು ಸಿಕ್ಕಿಹಾಕಿಕೊಂಡ ಭಯಕ್ಕೆ ಅಳಲಿಲ್ಲ. ದಾನಿ ಸಿಗದೆ ಎಂಟು ತಿಂಗಳಾಯಿತು, ಇವತ್ತೂ ಇಲ್ಲವೆಂದರು ಎಂದು ಅತ್ತಳು. ಗೋಡೆಗೆ ಅಂಟಿಸಿದ ‘ದಾನಿಗಳು ಬೇಕಾಗಿದ್ದಾರೆ’ ಎಂಬ ಕಾಗದವನ್ನು ಇವನು ಅಷ್ಟು ದಿನ ಗೋಡೆಯ ಬಣ್ಣದ ಹಾಗೆ ನೋಡಿಕೊಂಡು ಓಡಾಡಿದ್ದ. ಆವತ್ತು ನಿಂತು ಓದಿದ.

ನಾನು ಹೂಂ ಅಂದೆ. ಅಂದಮೇಲೆ ಶುರುವಾಯಿತು ನೋಡಿ. ಹೋಗಿ ಕೊಟ್ಟು ಬರುವುದಷ್ಟೇ ಎಂದುಕೊಂಡಿದ್ದ ಭೂಪ. ಅಲ್ಲಿಯ ಸಿಸ್ಟರ್ ಐವತ್ತು ದಾಟಿದ ಗಟ್ಟಿ ಹೆಂಗಸು. ಮೊದಲ ದಿನವೇ ಕೂರಿಸಿಕೊಂಡು, “ಹತ್ತು ಜನ ಬಂದ್ರೆ ನಮ್ಮಲ್ಲಿ ಉಳಿಯೋದು ಒಬ್ರೋ ಇಬ್ರೋ. ಬೇಜಾರು ಮಾಡ್ಕೊಳ್ಳೋ ಹಾಗಿದ್ರೆ ಈಗಲೇ ಎದ್ದು ಹೋಗಿ” ಅಂದರಂತೆ. ಆಮೇಲೆ ಹದಿನಾಲ್ಕು ಪುಟದ ಫಾರಂ. ಅಪ್ಪನಿಗೆ ಏನು ಕಾಯಿಲೆ, ಅಜ್ಜಿ ಯಾವುದರಿಂದ ತೀರಿಕೊಂಡರು, ಸೋದರಮಾವನಿಗೆ ಕಣ್ಣು ಯಾವ ವಯಸ್ಸಿಗೆ ಮಂಜಾಯಿತು. ಮೂರು ತಲೆಮಾರು ಕೇಳಿದರು. ಇವನು ನಮ್ಮ ನೆಂಟರಿಗೆಲ್ಲ ಫೋನ್ ಹಚ್ಚಿ, “ಅತ್ತೆ, ನಿಮ್ಮ ಮೂಲವ್ಯಾಧಿ ಹೇಗಿದೆ?” ಎಂದು ವಿಚಾರಿಸಿದ. ಇಷ್ಟು ವರ್ಷ ತಿರುಗಿ ನೋಡದವನಿಗೆ ಈಗೆಲ್ಲಿಯ ಪ್ರೀತಿ ಎಂದು ಅವರೆಲ್ಲ ನನಗೆ ಫೋನ್ ಮಾಡಿದರು.

ರಕ್ತ ತೆಗೆದರು, ಮೂತ್ರ ತೆಗೆದರು. ಅಂಟುರೋಗಗಳಿಗೆ ಒಂದು ಪರೀಕ್ಷೆ, ವಂಶದಲ್ಲಿ ಹರಿದು ಬರುವ ಕಾಯಿಲೆಗಳಿಗೆ ಇನ್ನೊಂದು. ಡಾಕ್ಟರು ಮೈಯೆಲ್ಲ ನೋಡಿದರು. ಆಮೇಲೆ ವೀರ್ಯದ ಪರೀಕ್ಷೆ. ಕೊಡುವ ಮುಂಚೆ ಎರಡರಿಂದ ಐದು ದಿನ ಸಂಯಮದಿಂದಿರಬೇಕು ಎಂದು ಸಿಸ್ಟರ್ ಹೇಳಿ ಕಳಿಸಿದ್ದರು. ಇವನು ಏನು ಮಾಡಿದ ಗೊತ್ತೇ? ಎಣ್ಣೆ ಎರಡು ಹನಿ ಹಾಕು ಅಂದರೆ ನಾಲ್ಕು ಹನಿ ಹಾಕುವ ಜಾತಿ. ಐದು ದಿನಕ್ಕೆ ಇಷ್ಟು ಒಳ್ಳೆಯದಾದರೆ ಹನ್ನೊಂದು ದಿನಕ್ಕೆ ಇನ್ನೆಷ್ಟು ಎಂದು ಲೆಕ್ಕ ಹಾಕಿ, ಹನ್ನೊಂದು ದಿನ ಋಷಿಯ ಹಾಗೆ ಇದ್ದು ಹೋಗಿ ಕೊಟ್ಟ. ಫೇಲಾಯಿತು.

ಮೋರೆ ಜೋಲುಹಾಕಿಕೊಂಡು ಅಂಗಡಿಗೆ ಬಂದ. “ಓಡಾಟ ಸಾಲದು ಅಂದ್ರು ಅತ್ತಿಗೆ. ಮುದಿಯಾಗಿ ಕೂತ್ಬಿಟ್ಟಿವೆಯಂತೆ.”

“ಅತಿಯಾದರೆ ಅಮೃತಾನೂ ವಿಷ ಅಂತ ನಿನಗೆ ಯಾರೂ ಹೇಳ್ಕೊಡ್ಲಿಲ್ವಾ?” ನನಗೆ ನಗು ತಡೆಯಲಾಗಲಿಲ್ಲ.

“ಸಿಸ್ಟರೂ ಅದನ್ನೇ ಅಂದ್ರು. ‘ಇದೇನು ಉಪ್ಪಿನಕಾಯಿನಾ ಸ್ವಾಮಿ, ಇಟ್ಟಷ್ಟೂ ರುಚಿ ಬರೋಕೆ’ ಅಂತ ವರಾಂಡದಲ್ಲೇ ಬೈದ್ರು. ನಾಲ್ಕು ಜನ ಕೂತಿದ್ರು ಅಲ್ಲಿ.”

ಎರಡನೆಯ ಸಲ ಹೇಳಿದಂತೆ ಮೂರೇ ದಿನ ಬಿಟ್ಟು ಹೋದ. ಪಾಸಾಯಿತು. ಓರಗಿತ್ತಿ ನನಗೆ ಫೋನ್ ಮಾಡಿ, ಮಗ ಮೊದಲ ದರ್ಜೆಯಲ್ಲಿ ತೇರ್ಗಡೆಯಾದಷ್ಟು ಹಿಗ್ಗಿನಿಂದ ಸಂಖ್ಯೆ ಹೇಳಿದಳು. ಅದಾದ ಮೇಲೆ ಮೂರು ತಿಂಗಳು, ವಾರಕ್ಕೊಂದು ಬೆಳಗ್ಗೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಲ್ಲಿಗೆ ಹೋದ. ಹೆಂಡ ಇಲ್ಲ, ಬೀಡಿ ಸಿಗರೇಟು ಇಲ್ಲ, ಜ್ವರ ಬಂದರೆ ಮುಚ್ಚಿಡದೆ ಹೇಳಬೇಕು. ಒಂದು ಪುಟ್ಟ ಕೋಣೆ, ಒರೆಸಲು ಸುಲಭವಾಗುವ ರೆಕ್ಸಿನ್ ಕುರ್ಚಿ, ಕೈತೊಳೆಯುವ ತೊಟ್ಟಿ, ಮುಚ್ಚಳವಿರುವ ಬಟ್ಟಲು, ಅದರ ಮೇಲೆ ಹೆಸರಿನ ಬದಲು ಒಂದು ಸಂಖ್ಯೆ. ಗೋಡೆಯಲ್ಲಿ ಒಂದು ಪುಟ್ಟ ಕಿಂಡಿ; ಅದರಲ್ಲಿ ಬಟ್ಟಲನ್ನಿಟ್ಟು ಗುಂಡಿ ಒತ್ತಿದರೆ ಆಚೆಯವರು ಮುಖ ತೋರಿಸದೆ ತೆಗೆದುಕೊಳ್ಳುತ್ತಾರೆ. “ನಾಚಿಕೆ ಆಗಲ್ವೇನೋ?” ಎಂದು ಕೇಳಿದೆ. “ಮೊದಲ ಸಲ ಬೆವರು ಕಿತ್ಕೊಂಡು ಬಂತು. ಬಾಗಿಲಿನ ಚಿಲಕ ಕಿರ್ ಅಂತಿತ್ತು, ಇಡೀ ಕಟ್ಟಡಕ್ಕೆ ಕೇಳೋ ಹಾಗೆ. ಎರಡನೇ ವಾರ ಎಣ್ಣೆ ಬಿಟ್ಟೆ. ಆಮೇಲೆ ಎಲ್ರಿಗೂ ಆರಾಮ” ಎಂದ.

ಕೊಟ್ಟದ್ದನ್ನೆಲ್ಲ ಹೊಗೆಯಾಡುವಷ್ಟು ತಣ್ಣಗಿನ ಡಬ್ಬದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಆದರೆ ಕೂಡಲೇ ಯಾರಿಗೂ ಕೊಡುವುದಿಲ್ಲ. ಆರು ತಿಂಗಳು ಕಾದು, ದಾನಿಯನ್ನು ಮತ್ತೆ ಕರೆದು ರಕ್ತ ಪರೀಕ್ಷಿಸುತ್ತಾರೆ. ಕೆಲವು ಅಂಟುರೋಗಗಳು ಮೊದಲ ಸಲ ಅಡಗಿ ಕೂತು ಆಮೇಲೆ ಕಾಣಿಸುತ್ತವಂತೆ. ಆ ಎರಡನೆಯ ಪರೀಕ್ಷೆಗೆ ದಾನಿ ಬರದಿದ್ದರೆ ಅಷ್ಟೂ ಚರಂಡಿ ಪಾಲು.

ಎರಡನೆಯ ಪರೀಕ್ಷೆಗೆ ಹತ್ತು ದಿನವಿದ್ದಾಗ ಆಪ್ತಸಲಹೆಯವರು ಅವನನ್ನು ಕರೆಸಿ ಒಂದು ಗಂಟೆ ಮಾತಾಡಿದರು. ಹುಟ್ಟುವ ಮಗುವಿನ ಮೇಲೆ ನಿಮಗೆ ಹಕ್ಕಿಲ್ಲ, ಹೊಣೆಯೂ ಇಲ್ಲ. ಹದಿನೆಂಟು ತುಂಬಿದ ಮೇಲೆ ಮಗು ನೀವು ಯಾರೆಂದು ಕೇಳಿದರೆ ನಾವು ಹೇಳಬಹುದು, ಒಪ್ಪಿಗೆಯೇ? ನಿಮ್ಮ ಮಕ್ಕಳಿಗೆ ಈ ವಿಷಯ ಯಾವಾಗ ಹೇಳುತ್ತೀರಿ? ಎಲ್ಲದಕ್ಕೂ ಇವನು ಉತ್ತರ ಕೊಟ್ಟ. ಕೊನೆಗೆ ಒಂದು ಬಿಳಿ ಹಾಳೆ, ಒಂದು ಲಕೋಟೆ ಕೊಟ್ಟರು. ಹುಟ್ಟಬಹುದಾದ ಮಗುವಿಗೆ ಒಂದು ಕಾಗದ ಬರೆದುಕೊಡಿ, ಹೆಸರು ಹಾಕಬೇಡಿ ಎಂದರು. ಅಲ್ಲಿ ಇವನ ಇಂಜಿನ್ ನಿಂತಿತು.

ಭಾನುವಾರ ಮಧ್ಯಾಹ್ನ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಚೂಟಿ ಗೆಳತಿಯ ಮನೆಗೆ ಹೋಗಿದ್ದಳು. “ತಪ್ಪಿದ್ರೆ ತಿದ್ದಿ ಅತ್ತಿಗೆ” ಎಂದು ನನ್ನ ಕೈಗೆ ಕೊಟ್ಟ. ನಮ್ಮ ಯಜಮಾನರಿಗೂ ಕೇಳಲಿ ಎಂದು ನಾನು ಗಟ್ಟಿಯಾಗಿ ಓದಿದೆ.

“ತಾರೀಖು. ವಯಸ್ಸು: ಮೂವತ್ತಾರು. ಸ್ಥಿತಿ: ಚಾಲನೆಯಲ್ಲಿದೆ. ಕಂಡುಬಂದ ದೋಷಗಳು: ಗೊರಕೆ. ಎಡಗಿವಿ ಬಲಗಿವಿಗಿಂತ ಸ್ವಲ್ಪ ದೊಡ್ಡದು. ಹಾಡಲು ಬರುವುದಿಲ್ಲ, ಆದರೂ ಹಾಡುವುದುಂಟು. ಸಿಟ್ಟು ಬೇಗ ಬರುತ್ತದೆ, ಅದಕ್ಕಿಂತ ಬೇಗ ಹೋಗುತ್ತದೆ. ಮುಂದೆ ಗಮನಿಸಬೇಕಾದದ್ದು: ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸುವುದು, ನಮ್ಮ ತಂದೆಗೆ ಮುಪ್ಪಿನಲ್ಲಿ ಇತ್ತು.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ಮಗುಗೆ ಬರೆಯೋ ಅಂದ್ರೆ ಲಿಫ್ಟಿನ ಪುಸ್ತಕ ತುಂಬಿಸಿದೀಯಲ್ಲೋ!”

“ನನಗೆ ಬೇರೆ ಥರ ಬರೆಯೋಕೆ ಬರಲ್ಲ. ಕೆಳಗೆ ಷರಾ ಇದೆ, ಅದನ್ನೂ ಓದಿ.”

ಓದಿದೆ. “ಷರಾ: ಮಗು, ನಿನ್ನನ್ನು ಬೇಕು ಬೇಕು ಅಂತ ಕಾದವರು ನಿನ್ನ ಅಪ್ಪ ಅಮ್ಮ. ನಾನು ದೂರದಿಂದ ನಿನಗೆ ಒಳ್ಳೆಯದು ಬಯಸುವ ಒಬ್ಬ ಮನುಷ್ಯ. ನಮ್ಮ ಮನೆಗೂ ಯಾರೋ ಹೀಗೇ ಕೊಟ್ಟಿದ್ದರು. ಹಾಗೆ ಬಂದ ಹುಡುಗಿ ನನ್ನ ಬೆನ್ನ ಮೇಲೆ ಕೂತು ಕೂದಲು ಎಳೆದಿದ್ದಾಳೆ. ಅವಳಿಲ್ಲದ ನಮ್ಮ ಮನೆ ನನಗೆ ನೆನೆಸಿಕೊಳ್ಳಲಿಕ್ಕೂ ಆಗುವುದಿಲ್ಲ. ಕೊಟ್ಟವರು ಯಾರೆಂದು ಗೊತ್ತಿಲ್ಲದ್ದರಿಂದ ಅವರಿಗೆ ಹೇಳಬೇಕಾದ ಉಪಕಾರವನ್ನು ನಿನ್ನ ಕಡೆಗೆ ಕಳಿಸುತ್ತಿದ್ದೇನೆ.”

ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಒಂದಕ್ಷರ ತಿದ್ದಬೇಡ ಎಂದೆ.

ಆಗ ಮೈದುನ ಅಣ್ಣನ ಕಡೆ ತಿರುಗಿದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. “ಅಣ್ಣಾ, ತುಂಬ ವರ್ಷದಿಂದ ಎಲ್ಲ ದಾನಿಗಳ ಹತ್ರಾನೂ ಬರೆಸ್ತಾರಂತೆ. ಹಾಗಾದ್ರೆ ನಿಮಗೂ ಒಂದು ಕೊಟ್ಟಿರ್ಬೇಕಲ್ಲ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಜಮಾನರ ಕೈ ಶರ್ಟಿನ ಜೇಬಿಗೆ ಹೋಯಿತು. ಜೇಬಿನಲ್ಲಿ ಏನೂ ಇರಲಿಲ್ಲ, ಅಂಗಡಿಯ ಬೀಗದಕೈ ಬಿಟ್ಟು.

“ಏನ್ರೀ?” ಎಂದೆ. “ಕೊಟ್ಟಿದ್ರಾ?”

“ಕೊಟ್ಟಿದ್ರು.”

“ಎಲ್ಲಿದೆ?”

“ಅಂಗಡೀಲಿ. ಅವಧಿ ಮುಗಿದ ಮಾತ್ರೆ ಹಾಕ್ತೀನಲ್ಲ, ಆ ಡ್ರಾಯರ್‌ನಲ್ಲಿ. ಅದನ್ನ ಬೇರೆ ಯಾರೂ ತೆಗೆಯಲ್ಲ.”

ನನಗೆ ಬಂದ ಸಿಟ್ಟು ಸುಳ್ಳಲ್ಲ. ಒಂಬತ್ತು ತಿಂಗಳು ಹೊತ್ತವಳು ನಾನು. ಆ ಪುಣ್ಯಾತ್ಮನಿಗೆ ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಮನಸ್ಸಿನಲ್ಲೇ ಕೈಮುಗಿದವಳು ನಾನು. ಅವನು ನಮಗೆ ಬರೆದ ಕಾಗದ ಅವಧಿ ಮುಗಿದ ಮಾತ್ರೆಗಳ ಜೊತೆ ಬಿದ್ದಿತ್ತು. “ಹನ್ನೊಂದು ವರ್ಷ! ನನ್ನ ಹತ್ರಾನೂ ಮುಚ್ಚಿಟ್ರಲ್ಲ! ಓದಿದ್ರಾದರೂ?” ಎಂದು ಕೂಗಾಡಿದೆ.

“ಓದಿಲ್ಲ.” ಅವರು ನೆಲ ನೋಡುತ್ತಿದ್ದರು. “ಓದಿದ್ರೆ ಆತ ಒಬ್ಬ ಮನುಷ್ಯ ಆಗ್ಬಿಡ್ತಾನೆ ಅನ್ನಿಸ್ತು. ಒಳ್ಳೆ ಮನುಷ್ಯ ಆಗಿದ್ರೆ ಇನ್ನೂ ಕಷ್ಟ. ಆಮೇಲೆ ನಾನು ಯಾರು ಈ ಮನೇಲಿ?”

ಮೈದುನ ಎದ್ದು ಹೋಗಿ ಅಣ್ಣನ ಪಕ್ಕ ಕೂತ.

“ಅಣ್ಣಾ, ಈಗ ಬರೆದೋನು ನಾನೇ ಅಲ್ವಾ, ನನ್ನನ್ನೇ ನೋಡು. ನಾನು ಲಿಫ್ಟ್ ಸರಿ ಮಾಡಿ ಕೆಳಗಿಳಿದು ಹೋಗೋನು. ಆ ಮನೆಗಳಲ್ಲಿ ವಾಸ ಮಾಡೋನಲ್ಲ. ನನ್ನ ಕಾಗದ ಓದೋ ಅಪ್ಪ ಯಾರೋ ಒಬ್ಬ ಇರ್ತಾನೆ. ಅವನು ನನಗೆ ಹೆದರಿಕೊಂಡು ಅದನ್ನ ಡ್ರಾಯರ್‌ನಲ್ಲಿ ಇಟ್ರೆ ನನಗೆ ಹೊಟ್ಟೆ ಉರಿಯುತ್ತೆ. ಹೆದರಿಸೋಕೆ ಕೊಟ್ಟೆನಾ ನಾನು? ಜ್ವರ ಬಂದ ರಾತ್ರಿ ಮಗೂನ ಎತ್ಕೊಂಡು ಓಡಾಡೋನು ಅವನು. ನನ್ನದೇನಿದೆ ಅಲ್ಲಿ? ಮೂರು ತಿಂಗಳು, ಒಂದು ರೆಕ್ಸಿನ್ ಕುರ್ಚಿ.”

ಯಜಮಾನರಿಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು. ತಮ್ಮನ ಹೆಗಲಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಕೂತರು. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಭಾನುವಾರ ಮುಚ್ಚಿದ್ದ ಅಂಗಡಿಯ ಬಾಗಿಲು ತೆಗೆಯಲು ಹೊರಟರು.

ಲಕೋಟೆ ಬಂತು, ಚೂಟಿಯೂ ಬಂದಳು. ಅವಳನ್ನು ಎದುರಿಗೆ ಕೂರಿಸಿಕೊಂಡು ಅವರೇ ಹೇಳಿದರು, ನನಗೆ ಬಾಯಿ ಹಾಕಲು ಬಿಡಲಿಲ್ಲ. ಮಗುವಾಗಲು ಎರಡು ಬೇಕು, ಅಮ್ಮನ ಹತ್ತಿರ ಒಂದಿತ್ತು, ನನ್ನ ಹತ್ತಿರ ಇರಬೇಕಾದದ್ದು ಇರಲಿಲ್ಲ, ಒಬ್ಬರು ಕೊಟ್ಟರು. ಇಷ್ಟು ಹೇಳುವಷ್ಟರಲ್ಲಿ ಅವರ ಶರ್ಟಿನ ಬೆನ್ನು ಒದ್ದೆಯಾಗಿತ್ತು. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ. ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವುದೆಂದರೆ ಏನೆಂದು ಆವತ್ತು ತಿಳಿಯಿತು.

ಚೂಟಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಅವರು ಯಾರು?”

“ಗೊತ್ತಿಲ್ಲ ಪುಟ್ಟ. ನೀನು ದೊಡ್ಡವಳಾದ ಮೇಲೆ ಬೇಕಾದ್ರೆ ಕ್ಲಿನಿಕ್‌ನಲ್ಲಿ ಕೇಳಬಹುದು. ಅವರ ಕಾಗದ ಇದೆ. ಓದೋಣ್ವಾ?”

ಲಕೋಟೆಯನ್ನು ಅವಳೇ ಒಡೆದಳು. ಒಳಗೆ ಐದಾರು ಸಾಲು, ಅಷ್ಟೇ. ಅವಳೇ ಓದಿದಳು. “ನಿನಗೆ ನಮಸ್ಕಾರ. ನನಗೆ ಈಜು ಬರುವುದಿಲ್ಲ, ನೀನು ಕಲಿತುಕೋ. ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇದೆ. ನಿನಗೂ ಬಂದಿದ್ದರೆ ಬೇಸರ ಮಾಡಿಕೊಳ್ಳಬೇಡ, ಸಿಳ್ಳೆ ಚೆನ್ನಾಗಿ ಬರುತ್ತದೆ. ನಿನ್ನನ್ನು ಸಾಕುತ್ತಿರುವವರಿಗೆ ನನ್ನ ವಂದನೆ ತಿಳಿಸು. ಕಷ್ಟದ ಕೆಲಸ ಮಾಡುತ್ತಿರುವವರು ಅವರು.”

ಚೂಟಿ ಕನ್ನಡಿಗೆ ಓಡಿ ಹೋಗಿ ಹಲ್ಲು ಕಿರಿದು ನೋಡಿಕೊಂಡಳು. ಸಂದಿ ಇತ್ತು. ಅಲ್ಲಿಂದಲೇ ಒಂದು ಸಿಳ್ಳೆ ಹೊಡೆದಳು. ಪಾನಾ ಚಿಕ್ಕಪ್ಪ ಕಿವಿ ಮುಚ್ಚಿಕೊಂಡ. ವಾಪಸ್ಸು ಬಂದವಳು ಅಪ್ಪನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆ ನಿಲುವು ಮಾತ್ರ ನನ್ನದೇ.

“ಇಷ್ಟು ಒಳ್ಳೆ ಕಾಗದ ಬರೆದಿದಾರೆ. ನೀವು ಥ್ಯಾಂಕ್ಸ್ ಹೇಳಿದ್ರಾ?”

ನಾವಿಬ್ಬರೂ ಹೇಳಿರಲಿಲ್ಲ. ಹೇಳುವ ದಾರಿ ಇದೆಯೆಂದೂ ಗೊತ್ತಿರಲಿಲ್ಲ. ಕ್ಲಿನಿಕ್‌ಗೆ ಕೊಟ್ಟರೆ ಅವರು ದಾನಿಗೆ ತಲುಪಿಸುತ್ತಾರೆ, ಬುಧವಾರ ರಕ್ತ ಕೊಡಲು ಹೋಗುವಾಗ ನಾನೇ ಒಯ್ಯುತ್ತೇನೆ ಎಂದ ಮೈದುನ.

ಚೂಟಿ ತನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತು ತಂದಳು. ಈಜುತರಗತಿಗೆ ಸೇರುತ್ತೇನೆಂದು ಅವಳು ಬರೆದಳು. ಹನ್ನೊಂದು ವರ್ಷದಿಂದ ನನ್ನ ಮನಸ್ಸಿನಲ್ಲಿದ್ದ ವಂದನೆಯನ್ನು ನಾನು ಬರೆದೆ. ಬರೆಯಲು ಕೂತರೆ ಅದು ಎರಡೇ ಸಾಲಾಯಿತು. ಯಜಮಾನರು ಎಲ್ಲರಿಗಿಂತ ಉದ್ದ ಬರೆದರು. ಅವಳು ಹುಟ್ಟಿದಾಗ ಎಷ್ಟು ತೂಕವಿದ್ದಳು, ಮೊದಲ ಹೆಜ್ಜೆ ಯಾವಾಗ ಇಟ್ಟಳು, ಲೆಕ್ಕದಲ್ಲಿ ಚುರುಕು, ಎದುರು ಮಾತಿನಲ್ಲಿ ಅದಕ್ಕಿಂತ ಚುರುಕು. ‘ನೀವು ಕೊಡದಿದ್ದರೆ ನನಗೆ ಇದು ಯಾವುದೂ ಇರುತ್ತಿರಲಿಲ್ಲ’ ಎಂದು ಬರೆದು ನಿಲ್ಲಿಸಿದರು. ಕೆಳಗೆ ಸಹಿ ಮಾಡುವಲ್ಲಿ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. ಹೆಸರು ಹಾಕುವಂತಿಲ್ಲ. ಬೇರೆ ಏನೆಂದು ಹಾಕಬೇಕು, ಅದು ಅವರಿಗೆ ತಿಳಿಯಲಿಲ್ಲ. ನಾನು ಹೇಳಬಹುದಿತ್ತು. ಹೇಳುವ ಹಕ್ಕು ನನಗಿಲ್ಲ ಅನ್ನಿಸಿ ತುಟಿ ಕಚ್ಚಿಕೊಂಡೆ.

ಚೂಟಿಗೆ ಕಾದು ಸಾಕಾಯಿತು. ಅವರ ತೊಡೆಯ ಮೇಲೆ ಮೊಣಕೈ ಊರಿ, ಹಾಳೆಯ ತುದಿಯಲ್ಲಿ ಬೆರಳಿಟ್ಟು ತೋರಿಸಿದಳು.

“ಅಪ್ಪಾ, ಏನ್ ಅಷ್ಟು ಯೋಚ್ನೆ? ನನ್ನ ಮಾರ್ಕ್ಸ್ ಕಾರ್ಡ್‌ನಲ್ಲಿ ‘ತಂದೆಯ ಸಹಿ’ ಅಂತ ಇರುತ್ತಲ್ಲ, ಹಾಗೇ ಬರೆದು ಗೀಚು, ಬೇಗ!”